ವೀಸಾ ಮಾತು ಮತ್ತು ಮಕ್ಕಳ ಕಿವಿ

ಮೊನ್ನೆ ಅಮೆರಿಕದಲ್ಲಿರುವ ಕನ್ನಡಿಗರ ಈ ಗುಂಪಿನಲ್ಲಿ ಒಬ್ಬರು ಕೇಳಿದ್ದರು: ಗಂಡನಿಗೆ ಲೇಆಫ್ ಆಗಿದೆ, ಎಚ್-1ಬಿ (ಕೆಲಸ ಇದ್ದರಷ್ಟೇ ಉಳಿಯುವ ವೀಸಾ) ಮೇಲಿದ್ದೇವೆ, ಐದನೇ ಕ್ಲಾಸಿನ ಮಗಳಿಗೆ ವಿಷಯ ಹೇಳಬೇಕಾ ಬೇಡವಾ ಅಂತ. ಬಂದ ಉತ್ತರಗಳಲ್ಲಿ ಹೆಚ್ಚಿನವು "ಪಾಪ, ಮಗೂಗೆ ಯಾಕೆ ಟೆನ್ಷನ್" ಅನ್ನುವ ಥರದವು. ನಾನು ಒಪ್ಪುವುದಿಲ್ಲ. ಆ ಮಗುವಿಗೆ ಆಗಲೇ ಗೊತ್ತಾಗಿರುತ್ತದೆ, ಅರ್ಧಂಬರ್ಧ. ಉಳಿದರ್ಧವನ್ನು ಅದು ತಾನೇ ಕಲ್ಪಿಸಿಕೊಂಡಿರುತ್ತದೆ.

ನಮ್ಮ ಮನೆಗಳಲ್ಲಿ ಇದನ್ನೆಲ್ಲ ಹೇಗೆ ಮಾತಾಡುತ್ತೇವೆ ನೋಡಿ. ಶನಿವಾರ ರಾತ್ರಿ ಊರಿಗೆ ಫೋನು. "ಇಲ್ಲಮ್ಮ, ಎಲ್ಲಾ ಅತಂತ್ರ ಆಗಿದೆ." "ಯಾವಾಗ ಗಂಟುಮೂಟೆ ಕಟ್ಟಬೇಕಾಗುತ್ತೋ ಗೊತ್ತಿಲ್ಲ." "ನಮ್ದು ತ್ರಿಶಂಕು ಪಾಡು, ಇಲ್ಲೂ ಇಲ್ಲ ಅಲ್ಲೂ ಇಲ್ಲ." ಸ್ಪೀಕರಿನಲ್ಲಿ ಅಜ್ಜಿಯ ದನಿ: "ಅಯ್ಯೋ ದೇವರೇ, ಮಕ್ಕಳ ಗತಿ ಏನೋ!" ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿರುವ ಮಗು ತಲೆ ಎತ್ತುವುದಿಲ್ಲ. ಅದಕ್ಕೆ ಕನ್ನಡ ಅಷ್ಟಾಗಿ ಬರಲ್ಲ ಅಂತ ನಮಗೆ ಧೈರ್ಯ. ಭಾನುವಾರದ ಕನ್ನಡ ಕ್ಲಾಸಿನಲ್ಲಿ ಕಾಗುಣಿತ ತಪ್ಪಬಹುದು, ಆದರೆ "ಮಕ್ಕಳ ಗತಿ" ಅಂದರೆ ತನ್ನ ಗತಿ ಅಂತ ತಿಳಿಯಲು ಕಾಗುಣಿತ ಬೇಕಾಗಿಲ್ಲ.

ನನ್ನ ಮಗ ಒಂದು ರಾತ್ರಿ ಕೇಳಿದ್ದ, "ಅಪ್ಪಾ, ಗಂಟುಮೂಟೆ ಅಂದ್ರೆ ಸೂಟ್‌ಕೇಸಾ? ಒಬ್ಬರಿಗೆ ಎಷ್ಟು?" ನಾನು ನಕ್ಕುಬಿಟ್ಟೆ. ಆಮೇಲೆ ಅವನ ಸ್ಕೂಲ್ ಬ್ಯಾಗಿನ ಮುಂದಿನ ಜೇಬಿನಲ್ಲಿ ಮನೆಮಂದಿಯ ಪಾಸ್‌ಪೋರ್ಟ್‌ಗಳ ಝೆರಾಕ್ಸ್ ಸಿಕ್ಕಿತು. ಮನೆಯ ಪ್ರಿಂಟರಿನಲ್ಲಿ ತಾನೇ ತೆಗೆದು, ನೀಟಾಗಿ ಮಡಚಿ ಪ್ಲಾಸ್ಟಿಕ್ ಕವರಿಗೆ ಹಾಕಿಟ್ಟಿದ್ದ. ಯಾರೂ ಹೇಳಿಕೊಟ್ಟದ್ದಲ್ಲ.

ಇಲ್ಲಿನ ಶಾಲೆಗಳ ಲಾಕ್‌ಡೌನ್ ಡ್ರಿಲ್ ನಿಮಗೆಲ್ಲ ಗೊತ್ತೇ ಇದೆ, ಬಂದೂಕು ಹಿಡಿದವನು ನುಗ್ಗಿದರೆ ಏನು ಮಾಡಬೇಕು ಅನ್ನುವ ಅಭ್ಯಾಸ. ಬಾಗಿಲಿಗೆ ಬೀಗ, ದೀಪ ಆರಿಸುವುದು, ಮೂಲೆಯಲ್ಲಿ ಸದ್ದಿಲ್ಲದೆ ಕೂರುವುದು. ಕಿಂಡರ್‌ಗಾರ್ಟನ್ ಮಕ್ಕಳಿಗೂ ಮಾಡಿಸುತ್ತಾರೆ. ಮೊದಲ ಸಲ ಕೇಳಿದಾಗ ನನಗೆ ಎದೆ ಧಸಕ್ ಅಂದಿತ್ತು. ಮಗ ಮಾತ್ರ ಊಟದ ಹೊತ್ತಿಗೆ "ಇವತ್ತು ಡ್ರಿಲ್ ಇತ್ತು" ಅಂತ ಹೇಳಿ ಇನ್ನೊಂದು ಚಪಾತಿ ಕೇಳಿದ. ಎಲ್ಲ ಮಕ್ಕಳೂ ಹಾಗೆ ಇರಲ್ಲ, ಹೆದರುವವರೂ ಇದ್ದಾರೆ. ಆದರೆ ಟೀಚರ್ ಅಲ್ಲಿ ಎಲ್ಲಿ ಕೂರಬೇಕು, ಏನು ಮಾಡಬೇಕು, ಯಾರು ಬಾಗಿಲು ತೆಗೆಯುತ್ತಾರೆ ಅಂತ ಬಿಡಿಸಿ ಹೇಳಿರುತ್ತಾರೆ. ನಾವು ಮನೆಯಲ್ಲಿ ಗತಿ, ಹಣೆಬರಹ ಅಂತ ನಿಟ್ಟುಸಿರು ಬಿಟ್ಟು, ಮಗು ಹತ್ತಿರ ಬಂದರೆ ಇಂಗ್ಲಿಷಿಗೆ ಹೊರಳಿ "ನಥಿಂಗ್ ಕಣೋ" ಅನ್ನುತ್ತೇವೆ.

ಮಗಳಿಗೆ ಹೇಳುವಂಥದ್ದು ಬೇಕಾದಷ್ಟಿದೆ. ಕೆಲಸ ಹೋದ ಮೇಲೆ 60 ದಿನದವರೆಗೆ ಕಾಲಾವಕಾಶ ಇರುತ್ತದೆ. ಈ ನಿಯಮ ಬಂದದ್ದು 2017ರಲ್ಲಿ. ಐ-94 (ಇಲ್ಲಿ ಯಾವ ದಿನದವರೆಗೆ ಇರಬಹುದು ಅಂತ ತೋರಿಸುವ ದಾಖಲೆ) ಅದಕ್ಕೂ ಮೊದಲೇ ಮುಗಿಯುವುದಾದರೆ ಅಲ್ಲಿಗೇ ನಿಲ್ಲುತ್ತದೆ, ಅದನ್ನು ಮೊದಲು ನೋಡಿಕೊಳ್ಳಿ. ಅಷ್ಟರೊಳಗೆ ಹೊಸ ಕಂಪನಿ ಅರ್ಜಿ ಹಾಕಬೇಕು, ಇಲ್ಲವೇ ನಾವು ಬೇರೆ ವೀಸಾ ಸ್ಟೇಟಸ್‌ಗೆ ಅರ್ಜಿ ಹಾಕಬೇಕು, ಇಲ್ಲವೇ ಹೊರಡಬೇಕು. ಇದನ್ನು ಹತ್ತು ವರ್ಷದ ಮಗುವಿಗೆ ಹೇಳಬಹುದು: "ಅಪ್ಪ ಬೇರೆ ಕೆಲಸ ಹುಡುಕ್ತಾ ಇದಾರೆ. ಇಷ್ಟನೇ ತಾರೀಕಿನವರೆಗೆ ಟೈಮ್ ಇದೆ. ಸಿಗಲಿಲ್ಲ ಅಂದ್ರೆ ಮೈಸೂರಿಗೆ ಹೋಗ್ತೀವಿ, ಎಲ್ಲರೂ ಒಟ್ಟಿಗೆ." ಕೊನೆಯ ಮಾತು ಮರೆಯಬೇಡಿ. ಅಪ್ಪ ಒಂದು ಕಡೆ, ಅಮ್ಮ ಒಂದು ಕಡೆ ಆಗಿಬಿಡುತ್ತಾರಾ ಅನ್ನುವುದು ಮಕ್ಕಳಿಗೆ ಎಲ್ಲಕ್ಕಿಂತ ದೊಡ್ಡ ದಿಗಿಲು.

ಇನ್ನೊಂದು ವಿಷಯಕ್ಕೆ ಕೆಲವರಿಗೆ ಸಿಟ್ಟು ಬರಬಹುದು. ನಮ್ಮಲ್ಲಿ ಎಷ್ಟು ಜನ ಮಕ್ಕಳಿಗೆ "ಓದ್ಲಿಲ್ಲ ಅಂದ್ರೆ ಇಂಡಿಯಾಗೆ ಕಳಿಸಿಬಿಡ್ತೀನಿ" ಅಂದಿಲ್ಲ? ಊಟ ಬಿಟ್ಟರೂ ಇಂಡಿಯಾ, ಫೋನ್ ನೋಡಿದರೂ ಇಂಡಿಯಾ. ಗುಮ್ಮ ಬರ್ತಾನೆ ಅಂದ ಹಾಗೆ. ಅದೇ ಬಾಯಲ್ಲಿ ಯುಗಾದಿ ಕಾರ್ಯಕ್ರಮದಲ್ಲಿ ತಾಯ್ನಾಡು ಅಂತ ಭಾಷಣ. ಒಂದು ದಿನ ನಿಜವಾಗಿಯೂ ಹೊರಡಬೇಕಾದರೆ ಆ ಮಗುವಿಗೆ ಅದು ಶಿಕ್ಷೆ ಅಂತಲೇ ಅನ್ನಿಸುತ್ತದೆ. ತಾನು ಗಣಿತದಲ್ಲಿ ಕಡಿಮೆ ಅಂಕ ತೆಗೆದದ್ದಕ್ಕೇ ಅಪ್ಪನ ಕೆಲಸ ಹೋಯಿತು ಅಂದುಕೊಂಡರೂ ಆಶ್ಚರ್ಯವಿಲ್ಲ.

ಗಾಬರಿ ಹೇಗೆ ಹಬ್ಬುತ್ತದೆ ಅನ್ನುವುದಕ್ಕೆ 2025ರ ಸೆಪ್ಟೆಂಬರ್ 19 ಸಾಕು. ಶುಕ್ರವಾರ. ಎಚ್-1ಬಿಗೆ 1 ಲಕ್ಷ ಡಾಲರ್ ಶುಲ್ಕ, ಭಾನುವಾರದಿಂದಲೇ ಜಾರಿ ಅಂತ ಇಲ್ಲಿನ ಸರ್ಕಾರದ ಘೋಷಣೆ. ಯಾರಿಗೆ ಅನ್ವಯ ಅಂತ ಸ್ಪಷ್ಟ ಇರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೊರಡಲಿದ್ದ ವಿಮಾನದಿಂದ ಜನ ಇಳಿದುಬಿಟ್ಟರು. ದಸರಾ ಹೊಸ್ತಿಲಲ್ಲಿ ಊರಿಗೆ ಹೋಗಿದ್ದವರು ಸಿಕ್ಕಿದ ಬೆಲೆಗೆ ಟಿಕೆಟ್ ಕೊಂಡು ವಾಪಸ್ ಓಡಿಬಂದರು. ಮರುದಿನ ಸ್ಪಷ್ಟನೆ ಬಂತು: ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇರುವವರಿಗಲ್ಲ. ಆ ಒಂದು ರಾತ್ರಿ ವಾಟ್ಸಾಪಿನಲ್ಲಿ "ಮುಗೀತು ಕಥೆ" ಅಂತ ಬರೆದವರೆಲ್ಲ ಓದು ಬರಹ ಬಲ್ಲವರೇ. ಮಕ್ಕಳ ಮುಂದೆ ಏನೇನು ಹೇಳಿದರೋ.

ಬಚ್ಚಿಡಲೇಬಾರದ ಒಂದು ಸಂಗತಿ 21ರ ಗಡಿ. ಎಚ್-4 (ಎಚ್-1ಬಿಯವರ ಹೆಂಡತಿ, ಗಂಡ, ಮಕ್ಕಳಿಗೆ ಕೊಡುವ ವೀಸಾ) ಮೇಲಿರುವ ಮಕ್ಕಳಿಗೆ 21 ತುಂಬಿದರೆ ಅಪ್ಪ ಅಮ್ಮನ ವೀಸಾದ ಆಸರೆ ಮುಗಿಯಿತು. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಂಥ ಬೇರೆ ಸ್ಟೇಟಸ್‌ಗೆ ಬದಲಾಗಬೇಕು, ಇಲ್ಲವೇ ದೇಶ ಬಿಡಬೇಕು. ಎರಡು ವರ್ಷಕ್ಕೆ ಬಂದ ಮಗುವಾದರೂ ಅಷ್ಟೇ. ವರ್ಷದ ಗ್ರೀನ್ ಕಾರ್ಡ್‌ಗಳಲ್ಲಿ (ಇಲ್ಲಿ ಕಾಯಂ ಆಗಿ ಇರಲು ಕೊಡುವ ಪರವಾನಗಿ) ಒಂದು ದೇಶದವರಿಗೆ 7 ಶೇಕಡಾ ಮಿತಿ ಇರುವುದರಿಂದ ನಮ್ಮ ಸಾಲು ಎಷ್ಟು ಉದ್ದ ಇದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಗ್ರೀನ್ ಕಾರ್ಡಿಗೆ ಮಗು 21ರೊಳಗೆ ಇದೆಯಾ ಅಂತ ನೋಡುವಾಗ, 2002ರ ಕಾಯ್ದೆಯಲ್ಲಿ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಬಾಕಿ ಇದ್ದ ದಿನಗಳನ್ನು ವಯಸ್ಸಿನಿಂದ ಕಳೆಯುವ ಅವಕಾಶ ಇದೆ. ಆದರೆ ಆ ವಯಸ್ಸನ್ನು ಯಾವ ದಿನಾಂಕಕ್ಕೆ ಲೆಕ್ಕ ಹಾಕಬೇಕು ಅನ್ನುವುದು 2025ರ ಆಗಸ್ಟ್ 15ರಿಂದ ಮತ್ತೆ ಬಿಗಿಯಾಗಿದೆ. ಸಾಲು ಎಲ್ಲಿಗೆ ಬಂತು ಅಂತ ಸರ್ಕಾರ ತಿಂಗಳಿಗೊಮ್ಮೆ ಹೊರಡಿಸುವ ವೀಸಾ ಬುಲೆಟಿನ್‌ನ ಫೈನಲ್ ಆಕ್ಷನ್ ದಿನಾಂಕವೇ (ಗ್ರೀನ್ ಕಾರ್ಡ್ ಕೊಡಬಹುದಾದ ದಿನಾಂಕ) ಆಧಾರ. ಹಳೆಯ ಲೆಕ್ಕ ನಂಬಿಕೊಂಡಿರುವವರು ವಕೀಲರನ್ನು ಇನ್ನೊಮ್ಮೆ ಕೇಳಿ.

ಒಂದೇ ಮನೆಯಲ್ಲಿ ಅಕ್ಕ ಎಚ್-4, ಇಲ್ಲೇ ಹುಟ್ಟಿದ ತಮ್ಮ ಸಿಟಿಜನ್. ಹೈಸ್ಕೂಲಿನಲ್ಲಿ ಗೆಳತಿಯರೆಲ್ಲ ಬೇಸಿಗೆ ಕೆಲಸಕ್ಕೆ ಸೇರಿದಾಗ ಅವಳಿಗೆ ಮಾತ್ರ ಆಗುವುದಿಲ್ಲ. ಕಾಲೇಜಿಗೆ ಫೆಡರಲ್ ಸಹಾಯಧನವೂ ಇಲ್ಲ. ಇದನ್ನು ಹನ್ನೆರಡನೇ ಕ್ಲಾಸಿನ ಅರ್ಜಿ ತುಂಬುವಾಗ ಮೊದಲ ಸಲ ಕೇಳಿದ ಹುಡುಗಿಯ ಮುಖ ನಾನು ನೋಡಿದ್ದೇನೆ. ಸಿಟ್ಟು ಸರ್ಕಾರದ ಮೇಲಲ್ಲ, ಮುಚ್ಚಿಟ್ಟ ಅಪ್ಪ ಅಮ್ಮನ ಮೇಲೆ. ಒಂಬತ್ತನೇ ಕ್ಲಾಸಿಗೇ ಹೇಳಿಬಿಡಿ, ಅವಳೂ ತಯಾರಿ ಮಾಡಿಕೊಳ್ಳುತ್ತಾಳೆ. ಕೆನಡಾ, ಜರ್ಮನಿ, ಬೆಂಗಳೂರು, ಯಾವುದು ಬೇಕಾದರೂ ಅವಳ ಲೆಕ್ಕದಲ್ಲಿ ಇರಲಿ.

ಪ್ರಶ್ನೆ ಕೇಳಿದವರಿಗೆ ಇನ್ನೆರಡು ಮಾತು. ಮಗಳು ಇಲ್ಲೇ ಹುಟ್ಟಿದ್ದು, ಓಸಿಐ (ವಿದೇಶಿ ಪೌರತ್ವದ ಭಾರತೀಯ ಮೂಲದವರು ಭಾರತದಲ್ಲಿ ಇರಲು ಬೇಕಾದ ಕಾರ್ಡು) ಮಾಡಿಸಿಲ್ಲದಿದ್ದರೆ ಈಗಲೇ ಅರ್ಜಿ ಹಾಕಿ, ಕೆಲಸ ಸಿಗುವವರೆಗೆ ಕಾಯಬೇಡಿ. ಅಜ್ಜಿಗೂ ಒಂದು ಮಾತು ಹೇಳಿಡಿ, ಸ್ಪೀಕರಿನಲ್ಲಿ ಅಳುವುದು ಬೇಡ ಅಂತ. ಮತ್ತೆ, ವರ್ಷದ ಮಧ್ಯೆ ಮಕ್ಕಳನ್ನು ಬೆಂಗಳೂರು, ಮೈಸೂರಿನ ಶಾಲೆಗೆ ಸೇರಿಸಿದವರು ಇಲ್ಲಿ ಯಾರಾದರೂ ಇದ್ದರೆ ಯಾವ ಕಾಗದ ಕೇಳಿದರು, ಕನ್ನಡ ಪಾಠಕ್ಕೆ ಏನು ಮಾಡಿದಿರಿ, ಮಗು ಹೊಂದಿಕೊಳ್ಳಲು ಎಷ್ಟು ದಿನ ಹಿಡಿಯಿತು ಅಂತ ಬರೆಯಿರಿ. "ಎಲ್ಲಾ ಒಳ್ಳೇದಾಗುತ್ತೆ" ಅನ್ನುವ ಕಾಮೆಂಟು ಈಗಾಗಲೇ ಬೇಕಾದಷ್ಟು ಬಂದಿವೆ.