ಪ್ಲಗ್ ಬದಲಿಸಿದ ಮೇಲೆ ಪಿಕಪ್ ಮಿಸ್ ಹೊಡೆಯುತ್ತಿದೆ, ಏರಿನಲ್ಲಿ ಎಳೆಯುತ್ತಿಲ್ಲ

ಕಾಫಿಚೀಲ, ಸುಂಟಿಕೊಪ್ಪ:
ಅಣ್ಣಂದಿರೇ, ಒಂದು ಸಲಹೆ ಬೇಕು. ನನ್ನದು ನಾಲ್ಕು ಸಿಲಿಂಡರಿನ ಪೆಟ್ರೋಲ್ ಪಿಕಪ್, ಪ್ಲಗ್ಗಿಗೊಂದು ಕಾಯಿಲ್ (ಕಿಡಿಗೆ ಬೇಕಾದ ವೋಲ್ಟೇಜ್ ಕೊಡುವುದು). ಭಾನುವಾರ ಮನೆಯಲ್ಲೇ ನಾಲ್ಕೂ ಸ್ಪಾರ್ಕ್ ಪ್ಲಗ್ ಬದಲಿಸಿದೆ. ಹಳೆಯವು ಚೆನ್ನಾಗಿಯೇ ಇದ್ದವು, ಮಳೆ ಹಿಡಿಯುವ ಮುಂಚೆ ಹೊಸದಿರಲಿ ಅಂತ ಸುಮ್ನೆ ಹಾಕಿದ್ದು, ಈಗ ಅನುಭವಿಸುತ್ತಿದ್ದೇನೆ. ಕುಶಾಲನಗರದ ಕಡೆ ಸಮತಟ್ಟಿನಲ್ಲಿ ಗೊತ್ತೇ ಆಗುವುದಿಲ್ಲ. ತರಕಾರಿ ತುಂಬಿಕೊಂಡು ಮಡಿಕೇರಿ ಸಂತೆಗೆ ಹೊರಟರೆ ಬೋಯಿಕೇರಿ ಏರಿನಲ್ಲಿ ಗಾಡಿ ಗಡಗಡ ನಡುಗುತ್ತದೆ, ಚೆಕ್ ಎಂಜಿನ್ ಲೈಟು ಮಿಣಮಿಣ ಅನ್ನುತ್ತದೆ. ಸ್ಕ್ಯಾನರಿನಲ್ಲಿ ಪಿ0302 ಅನ್ನುವ ಕೋಡ್ ಬಂತು. ವರ್ಕ್‌ಶಾಪಿನಲ್ಲಿ ನಾಲ್ಕೂ ಕಾಯಿಲ್ ಬದಲಿಸಿ ಅಂದರು. ಶನಿವಾರದವರೆಗೆ ಸರಿ ಇದ್ದ ಕಾಯಿಲ್‌ಗಳು ಒಟ್ಟಿಗೇ ಹೋಗುತ್ತವಾ?

ಹತ್ತರ ಸ್ಪ್ಯಾನರ್:
ನಾಲ್ಕೂ ಹೋಗಿಲ್ಲ, ದುಡ್ಡು ಕೊಡಬೇಡಿ. 0302 ಅಂದರೆ ಎರಡನೇ ಸಿಲಿಂಡರ್ ಮಾತ್ರ ಮಿಸ್ ಆಗುತ್ತಿದೆ, ಅದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಮೊದಲು ಲೋಡ್ ಹಾಕುವುದು ನಿಲ್ಲಿಸಿ. ಲೈಟು ಮಿಣುಕುತ್ತಿದೆ ಅಂದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತಿರಬಹುದು, ಅದರ ಮುಂದೆ ಕಾಯಿಲ್ ರೇಟು ಏನೂ ಅಲ್ಲ. ನಿಮ್ಮ ಕೈ ತಾಗಿದ್ದನ್ನೆಲ್ಲ ಒಮ್ಮೆ ನೋಡಿ: ಕನೆಕ್ಟರ್ ಟಕ್ ಅಂತ ಕೂತಿದೆಯಾ, ಯಾವುದಾದರೂ ವ್ಯಾಕ್ಯೂಮ್ ಪೈಪ್ ಕಳಚಿ ಸುಂಯ್ ಅನ್ನುತ್ತಿದೆಯಾ. ಎಲ್ಲ ಸರಿ ಇದ್ದರೆ ಎರಡರ ಕಾಯಿಲ್ ಮೂರಕ್ಕೆ, ಮೂರರದ್ದು ಎರಡಕ್ಕೆ ಹಾಕಿ. ಕೋಡ್ ಅಳಿಸಿ ಓಡಿಸಿ. ಮಿಸ್ ಮೂರಕ್ಕೆ ಹೋಗಿ 0303 ಬಂದರೆ ಕಾಯಿಲ್ ಕೆಟ್ಟಿದೆ.

ಘಟ್ಟದಗಾಡಿ:
ವೈರ್ ಅದಲುಬದಲಾಗಿರುತ್ತದೆ ಮಾರಾಯ. ನನ್ನ ಹಳೇ ಗಾಡಿಯಲ್ಲಿ ಹಾಗೇ ಆಗಿತ್ತು, ಸಿಲಿಂಡರ್‌ಗಳಿಗೆ ಕಿಡಿ ಹೋಗುವ 1-3-4-2 ಲೆಕ್ಕ ತಪ್ಪಿತ್ತು.

ಹತ್ತರ ಸ್ಪ್ಯಾನರ್:
ಅವರದ್ದರಲ್ಲಿ ಪ್ಲಗ್ ವೈರೇ ಇಲ್ಲ, ಪ್ಲಗ್ ಮೇಲೆಯೇ ಕಾಯಿಲ್ ಕೂತಿದೆ ಅಲ್ವಾ.

ಕಾಫಿಚೀಲ, ಸುಂಟಿಕೊಪ್ಪ:
ಮಾಡಿದೆ. ಹೇಗೂ ಬಿಚ್ಚಿದ್ದೆ ಅಂತ ಕಾಯಿಲ್ ಜೊತೆ ಪ್ಲಗ್ಗನ್ನೂ ಮೂರಕ್ಕೆ ಹಾಕಿಬಿಟ್ಟೆ. ಈಗ 0303 ಬಂದಿದೆ. ಹಾಗಾದರೆ ಕಾಯಿಲ್ ಅಂತ ಆಯಿತಾ?

ಹತ್ತರ ಸ್ಪ್ಯಾನರ್:
ಅಯ್ಯೋ, ಎರಡೂ ಒಟ್ಟಿಗೆ ಬದಲಿಸಿದರೆ ಕಳ್ಳ ಯಾರು ಅಂತ ಹೇಗೆ ಹೇಳುವುದು! ಕಾಯಿಲ್‌ಗಳನ್ನು ಮಾತ್ರ ಅವುಗಳ ಜಾಗಕ್ಕೆ ವಾಪಸ್ ಹಾಕಿ. ಆಮೇಲೂ 0303 ಬಂದರೆ ಪ್ಲಗ್. ನನಗೆ ಪ್ಲಗ್ ಮೇಲೆಯೇ ಅನುಮಾನ, ಯಾಕೆಂದರೆ ಏರಿನಲ್ಲಿ ಮಾತ್ರ ಆಗುತ್ತಿದೆ ಅಂದಿರಿ. ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲ್ ಜಾಸ್ತಿ ತುಂಬಿ ಒತ್ತಡ ಏರುತ್ತದೆ, ಅಷ್ಟು ಒತ್ತಡದಲ್ಲಿ ಕಿಡಿ ಹಾರಬೇಕಾದರೆ ವೋಲ್ಟೇಜ್ ಜಾಸ್ತಿ ಬೇಕು. ಪ್ಲಗ್ಗಿನ ಬಿಳಿ ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ಕರೆಂಟ್ ಪ್ಲಗ್ ತುದಿಯ ಗ್ಯಾಪ್ ದಾಟುವ ಬದಲು ಆ ಬಿರುಕಿನಲ್ಲೇ ಪ್ಲಗ್ಗಿನ ಲೋಹದ ಮೈಗೆ ಇಳಿದುಬಿಡುತ್ತದೆ. ಸಮತಟ್ಟಿನಲ್ಲಿ ಅಷ್ಟು ವೋಲ್ಟೇಜ್ ಬೇಕಾಗುವುದಿಲ್ಲ, ಹಾಗಾಗಿ ಅಲ್ಲಿ ಬಚಾವ್.

ಕಾಫಿಚೀಲ, ಸುಂಟಿಕೊಪ್ಪ:
ಅಣ್ಣಾ, ಪ್ಲಗ್ಗೇ! ಕಾಯಿಲ್ ವಾಪಸ್ ಹಾಕಿದರೂ 0303. ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿದರೆ ಪಿಂಗಾಣಿ ಮೇಲೆ ಪೆನ್ಸಿಲಿನಲ್ಲಿ ಎಳೆದ ಹಾಗೆ ಕಪ್ಪು ಗೆರೆ. ಆಗ ನೆನಪಾಯಿತು, ಭಾನುವಾರ ಒಂದು ಪ್ಲಗ್ ಕೈಜಾರಿ ಕಾಫಿ ಒಣಗಿಸುವ ಕಣದ ಸಿಮೆಂಟ್ ಮೇಲೆ ಬಿದ್ದಿತ್ತು, ಒರೆಸಿ ಹಾಕಿದ್ದೆ. ಮನೆಯಲ್ಲಿ ಈಗ ಎಲ್ಲರೂ ನಗುತ್ತಿದ್ದಾರೆ. ಸದ್ಯಕ್ಕೆ ಹಳೇ ಪ್ಲಗ್ ಒಂದನ್ನು ಹಾಕಿದ್ದೇನೆ, ಖಾಲಿ ಗಾಡಿಯಲ್ಲಿ ಮಡಿಕೇರಿಗೆ ಹೋಗಿ ಬಂದೆ, ಒಂದು ಸಲವೂ ನಡುಗಲಿಲ್ಲ.

ಹತ್ತರ ಸ್ಪ್ಯಾನರ್:
ಬಿದ್ದ ಪ್ಲಗ್ ಹಾಕಲೇಬಾರದು, ಗ್ಯಾಪ್ ಕೂಡ ಒತ್ತಿಕೊಂಡಿರಬಹುದು. ಇನ್ನೊಂದು ಕೆಲಸ ಬಾಕಿ ಇದೆ. ಎರಡರ ಕಾಯಿಲ್ ತುದಿಯ ರಬ್ಬರ್ ಬೂಟನ್ನು ಒಳಗೆ ಟಾರ್ಚ್ ಬಿಟ್ಟು ನೋಡಿ. ಪ್ಲಗ್ಗಿನ ಕಪ್ಪು ಗೆರೆ ಅಲ್ಲೂ ಅಂಟಿದ್ದರೆ ಬೂಟ್ ಬದಲಿಸಿ, ಇಲ್ಲದಿದ್ದರೆ ಹೊಸ ಪ್ಲಗ್ಗಿಗೂ ಅದೇ ಗತಿ. ಹೊಸದು ಹಾಕುವಾಗ ಎಂಜಿನ್ ತಣ್ಣಗಿರಲಿ, ಮೊದಲು ಕೈಯಲ್ಲೇ ತಿರುಗಿಸಿ, ಸಾಕೆಟ್ ಓರೆಯಾಗಬಾರದು.

ಕಾಫಿಚೀಲ, ಸುಂಟಿಕೊಪ್ಪ:
ನೋಡಿದೆ, ಬೂಟಿನೊಳಗೂ ಸಣ್ಣ ಗೆರೆ ಇದೆ. ನಾಳೆ ಒಂದು ಪ್ಲಗ್, ಒಂದು ಬೂಟ್ ತರುತ್ತೇನೆ. ಶುಕ್ರವಾರ ಸಂತೆಗೆ ಲೋಡ್ ಹಾಕಿಕೊಂಡು ಹೋಗಿ ಬಂದು ಹೇಳುತ್ತೇನೆ.