ಕಿರುಚಿತ್ರದ ಪ್ರೇಕ್ಷಕರು ಯಾರು ಅಂತ ಗುರುತಿಸೋದು ಹೇಗೆ?

ಪ್ರಶ್ನೆ (ಪತ್ರಿಕೋದ್ಯಮ ವಿದ್ಯಾರ್ಥಿನಿ): ಸರ್, ನಮ್ಮ ತಂಡದ್ದು 14 ನಿಮಿಷದ ಕಿರುಚಿತ್ರ. ಎಚ್.ಡಿ. ಕೋಟೆ ಕಡೆ ಹಳ್ಳಿ ಹುಡುಗಿ ತಾಲ್ಲೂಕು ಕೇಂದ್ರದಲ್ಲಿ ಪಿಯುಸಿ ಓದ್ತಾಳೆ. ಟಿಕೆಟ್ಟಿಗೆ ಚಿಲ್ಲರೆ ಎಣಿಸೋ ದೃಶ್ಯದಿಂದ ಶುರು. ಸಂಜೆಯ ಕೊನೇ ಬಸ್ಸು ಎರಡು ಸಲ ತಪ್ಪಿದ ಮೇಲೆ ಅಪ್ಪ ಕಾಲೇಜು ಬಿಡಿಸೋಕೆ ಹೊರಡ್ತಾನೆ. ವರದಿಯಲ್ಲಿ ‘ಉದ್ದೇಶಿತ ಪ್ರೇಕ್ಷಕರು: 15ರಿಂದ 40 ವರ್ಷದವರು’ ಅಂತ ಬರೆದಿದ್ವಿ, ಮೇಡಂ ಒಪ್ಪಲಿಲ್ಲ. ಏನು ಬರೀಬೇಕು?

ಉತ್ತರ (ಸಂಕಲನಕಾರ): ಮೇಡಂ ಹೇಳಿದ್ದು ಸರಿ ಇದೆ. 15ರ ಮಗಳು, 40ರ ಅಪ್ಪ ಇಬ್ಬರೂ ಒಂದೇ ಸಿನಿಮಾ ನೋಡಲ್ಲ. ವಯಸ್ಸು ಪಕ್ಕಕ್ಕಿಟ್ಟು, ಕಥೆಯಲ್ಲಿ ತೀರ್ಮಾನ ಯಾರ ಕೈಲಿದೆ ನೋಡಿ. ಬಸ್ಸು ತಪ್ಪಿದರೆ ಏನಾಗುತ್ತೆ ಅಂತ ಹುಡುಗಿಯರಿಗೆ ನೀವು ಹೇಳಬೇಕಾಗಿಲ್ಲ. ಕಾಲೇಜು ಬಿಡಿಸೋದು ಮನೆಯವರು. ಹಾಗಾಗಿ ಹಳ್ಳಿಯಿಂದ ಮಗಳನ್ನ ಪಿಯುಸಿಗೆ ಕಳಿಸೋ ಅಪ್ಪ-ಅಮ್ಮನೇ ಮೊದಲ ಪ್ರೇಕ್ಷಕರು, ಓದೋ ಹುಡುಗಿಯರು ಆಮೇಲೆ.

ಇವರು ಚಿತ್ರ ನೋಡೋದು ಎಲ್ಲಿ ಅನ್ನೋದನ್ನೂ ವರದಿಯಲ್ಲಿ ಬರೀರಿ. ಕಾಲೇಜಿನ ಪೋಷಕರ ಸಭೆ ಅಂತಿಟ್ಟುಕೊಳ್ಳಿ. ಅಲ್ಲಿ ಹತ್ತು ನಿಮಿಷ ಸಿಕ್ಕರೆ ಹೆಚ್ಚು, ಚಿತ್ರ ಒಂಬತ್ತಕ್ಕಿಳೀಬೇಕು. ಸಭೆ ಹಗಲಲ್ಲಿ, ಕಿಟಕಿಗೆ ಪರದೆ ಇರಲ್ಲ, ಪ್ರೊಜೆಕ್ಟರಿನ ಬೆಳಕು ಮಂಕು. ರಾತ್ರಿ ತೆಗೆದ ಬಸ್ ಸ್ಟ್ಯಾಂಡ್ ದೃಶ್ಯದಲ್ಲಿ ಹುಡುಗಿಯ ಮುಖವೇ ಕಾಣಿಸಲ್ಲ. ಸೂರ್ಯ ಮುಳುಗಿದ ಕೂಡಲೇ, ಆಕಾಶದಲ್ಲಿನ್ನೂ ಬೆಳಕಿರುವಾಗ ಶೂಟ್ ಮಾಡಿ. ಅಂಗಡಿ ಬಲ್ಬಿನ ಬೆಳಕು ಅವಳ ಕೆನ್ನೆ ಮೇಲೆ ಬೀಳೋ ಹಾಗೆ ನಿಲ್ಲಿಸಿ. ಸಭೆ ನಡೆಯೋ ಹಾಲ್‌ನಲ್ಲಿ ದನಿ ಗುಂಯ್‌ಗುಡುತ್ತೆ, ಮಾತಿನ ಕೆಳಗೆ ಸಂಗೀತ ಬೇಡವೇ ಬೇಡ.

ಚಿಲ್ಲರೆ ಎಣಿಸೋ ದೃಶ್ಯ ತೆಗೀರಿ. ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. ಸರ್ಕಾರಿ ಬಸ್ಸಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ ಅಂತ ಆ ಅಪ್ಪ-ಅಮ್ಮನಿಗೆ ಚೆನ್ನಾಗಿ ಗೊತ್ತು. ಮೊದಲ ನಿಮಿಷದಲ್ಲೇ ‘ಇವರಿಗೆ ನಮ್ಮೂರು ಗೊತ್ತಿಲ್ಲ’ ಅಂದುಕೊಂಡರೆ ಮುಂದಿನದ್ಯಾವುದನ್ನೂ ನಂಬಲ್ಲ. ಈ ಕಥೆಯಲ್ಲಿ ಕಷ್ಟ ಇರೋದು ಬಸ್ಸಿನ ಟೈಮಿನದು, ಅದನ್ನೇ ಹಿಡೀರಿ.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ನಮ್ಮ ಊಹೆ ಸರಿಯೋ ಇಲ್ವೋ ಅಂತ ತಿಳಿಯೋದು ಹೇಗೆ ಸರ್?

ಉತ್ತರ (ಸಂಕಲನಕಾರ): ರಫ್ ಕಟ್ (ದೃಶ್ಯಗಳನ್ನ ಒರಟಾಗಿ ಜೋಡಿಸಿದ ಮೊದಲ ಆವೃತ್ತಿ) ಆದಮೇಲೆ ಅಂಥ ಎಂಟು ಜನ ಪೋಷಕರಿಗೆ ತೋರಿಸಿ, ಒಬ್ಬೊಬ್ಬರಿಗೇ. ಕ್ಲಾಸ್‌ಮೇಟುಗಳ ಅಭಿಪ್ರಾಯ ಇಲ್ಲಿ ಉಪಯೋಗಕ್ಕೆ ಬರಲ್ಲ. ‘ಹೇಗಿದೆ?’ ಅಂದರೆ ‘ಚೆನ್ನಾಗದೆ ಕಣವ್ವ’ ಅಂತಾರೆ, ಅಷ್ಟೆ. ‘ಆ ಅಪ್ಪ ಯಾಕೆ ಹಂಗ್ ಮಾಡ್ದ?’ ಅಂತ ಕೇಳಿ. ‘ಅವನು ಕೆಟ್ಟೋನು’ ಅಂದರೆ ಪಾತ್ರವನ್ನ ಖಳನಾಯಕ ಮಾಡಿಬಿಟ್ಟಿದ್ದೀರಿ, ನೋಡೋ ಅಪ್ಪ ಅದರಲ್ಲಿ ತನ್ನನ್ನ ಕಾಣಲ್ಲ. ‘ಭಯ ಆಯ್ತದಲ್ಲ, ಇನ್ನೇನ್ ಮಾಡಾನು’ ಅಂದರೆ ಸರಿಯಾದ ಜಾಗಕ್ಕೆ ತಗುಲಿದೆ. ಆ ಭಯಕ್ಕೆ ಚಿತ್ರದಲ್ಲಿ ಉತ್ತರ ಇದೆಯಾ ಅಂತ ಆಮೇಲೆ ನೋಡಿ. ನಿಮ್ಮಲ್ಲೊಬ್ಬರು ಪಕ್ಕದಲ್ಲಿ ಕೂತು, ಅವರು ಫೋನ್ ತೆಗೆದ ಸಮಯ ಬರೆದುಕೊಳ್ಳಲಿ. ಮೂರು ಜನ ಒಂದೇ ಕಡೆ ತೆಗೆದರೆ ಅಲ್ಲಿ ಕತ್ತರಿ ಹಾಕಿ.

ಪ್ರತಿಕ್ರಿಯೆ (ಚಿತ್ರೋತ್ಸವ ಸಂಯೋಜಕಿ): ಒಂದು ಮಾತು ಸೇರಿಸ್ತೀನಮ್ಮ. ಚಿತ್ರೋತ್ಸವಕ್ಕೂ ಕಳಿಸೋದಾದರೆ ಇಂಗ್ಲಿಷ್ ಸಬ್‌ಟೈಟಲ್ ಬೇಕಾಗುತ್ತೆ. ಯೂಟ್ಯೂಬಿನಲ್ಲಿ ಮೊದಲೇ ಸಾರ್ವಜನಿಕವಾಗಿ ಹಾಕಿದ ಚಿತ್ರವನ್ನ ಕೆಲವು ಉತ್ಸವಗಳು ತಗೊಳ್ಳಲ್ಲ. ನಿಯಮ ಓದೋವರೆಗೆ ಪಾಸ್‌ವರ್ಡ್ ಇರೋ ಲಿಂಕಿನಲ್ಲೇ ಇಟ್ಟಿರಿ.