ಪದ ಬೇಕು: ‘ಮ್ಯಾನ್ಯುಯಲ್ ಥೆರಪಿ’ – ಫ್ಲೆಕ್ಸ್ ನಾಳೆ ಬೆಳಿಗ್ಗೆ ಅಚ್ಚಿಗೆ

ನಮಸ್ಕಾರ. ಆಸ್ಪತ್ರೆಯೊಂದರ ಫಿಸಿಯೋಥೆರಪಿ ಕೋಣೆಗೆ ಮೂರಡಿ ಅಗಲದ ಬೋರ್ಡು, ಜೊತೆಗೆ ಹೆಗಲು ಬಿಗಿದುಕೊಂಡವರಿಗೆ ಕೊಡುವ ಎರಡು ಪುಟದ ಕರಪತ್ರ. ಎರಡೂ ಇಂಗ್ಲಿಷಿನಿಂದ ಆಗಬೇಕು. ಬೋರ್ಡಿಗೆ ‘ಮ್ಯಾನ್ಯುಯಲ್ ಥೆರಪಿ’, ಅಂದರೆ ಕೀಲಿಗೂ ಮಾಂಸಖಂಡಕ್ಕೂ ಕೈಯಿಂದಲೇ ಮಾಡುವ ಚಿಕಿತ್ಸೆ. ಕರಪತ್ರದಲ್ಲಿ ಮೊಬಿಲೈಸೇಷನ್, ಮ್ಯಾನಿಪುಲೇಷನ್, ಟ್ರಾಕ್ಷನ್, ಮತ್ತೆ ಮಾಂಸಖಂಡಕ್ಕೆ ಮಾಡುವ ಬಗೆಬಗೆಯ ಮಸಾಜು. ಕರಡಿನಲ್ಲಿ ‘ಹಸ್ತಚಿಕಿತ್ಸೆ’ ಎಂದಿದೆ. ಓದಿದರೆ ಅಂಗೈನೋವಿಗೆ ಔಷಧಿ ಕೊಡುವ ಜಾಗ ಅನ್ನಿಸುತ್ತದೆ. ಇವತ್ತು ರಾತ್ರಿಯೊಳಗೆ ತಿಳಿಸಿ.

ಮರು 1:
ಅಂಗಮರ್ದನ. ಸಿದ್ಧಪದ ಇರುವಾಗ ಹುಡುಕಾಟ ಯಾಕೆ?

ಮರು 2:
ಮೃದ್ ಧಾತುವಿಗೆ ಅರೆ, ಜಜ್ಜು, ತುಳಿ ಎಂಬ ಅರ್ಥಗಳಿವೆ. ಕಾಳಿಂಗಮರ್ದನ, ಮಹಿಷಮರ್ದಿನಿ ಎಲ್ಲದರಲ್ಲೂ ಇರುವುದು ಅದೇ. ನೋವೆಂದು ಬಂದವರ ಕಣ್ಣೆದುರು ಈ ಪದ ಬೇಡ. ಮೈ ಒತ್ತುವುದಕ್ಕೆಂದೇ ಸಂಸ್ಕೃತದಲ್ಲಿ ‘ಸಂವಾಹನ’ ಇದೆ, ಆದರೆ ಇವತ್ತು ಅದು ‘ಸಂವಹನ’ದ ಅಚ್ಚಿನ ತಪ್ಪಿನಂತೆ ಕಾಣುತ್ತದೆ. ಯಾರಾದರೂ ‘ಕೈಚಿಕಿತ್ಸೆ’ ಎನ್ನುವ ಮೊದಲೇ ಹೇಳಿಬಿಡುತ್ತೇನೆ: ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ದೋಷ. ಗಮಕಕ್ಕೂ ಕ್ರಿಯಾಸಮಾಸಕ್ಕೂ ಇರುವ ರಿಯಾಯಿತಿ ತತ್ಪುರುಷಕ್ಕಿಲ್ಲ.

ಮರು 3:
‘ಮೂಳೆತಜ್ಞ’ ಎಂಬ ಬೋರ್ಡು ಊರೂರಲ್ಲಿದೆ, ಯಾರೂ ಇಳಿಸಿಲ್ಲ. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜನ ಕಟ್ಟಳೆ ಕಾವ್ಯಕ್ಕಿರಲಿ. ಶಸ್ತ್ರಚಿಕಿತ್ಸೆ ಶಸ್ತ್ರದಿಂದ ಮಾಡುವುದು, ಶಸ್ತ್ರಕ್ಕಲ್ಲ, ಕೈಚಿಕಿತ್ಸೆಯೂ ಹಾಗೆಯೇ. ಇನ್ನೊಂದು ಮಾತು: ‘ಸರ್ಜರಿ’ಯ ಬೇರಿನಲ್ಲೇ ಕೈ ಇದೆ. ಗ್ರೀಕಿನಲ್ಲಿ ಖೈರ್ ಎಂದರೆ ಕೈ, ಎರ್ಗೋನ್ ಎಂದರೆ ಕೆಲಸ. ಕೈರೋಪ್ರಾಕ್ಟಿಕ್‌ನಲ್ಲಿ ಇರುವುದೂ ಅದೇ ಖೈರ್. ಇದಕ್ಕೆ ಸರಿಸಾಟಿಯಾದ ಅಚ್ಚಗನ್ನಡ ಪದ ‘ಕೈವಾಡ’. ಅದನ್ನೇ ಬಳಕೆಗೆ ತನ್ನಿ.

ಮರು 4:
ಕೈವಾಡ ಅಪರಾಧದ ಸುದ್ದಿಗೆ ಸೇರಿಹೋದ ಪದ. ಆಗದು. ಕೈಗೆ ನೋವು ಬರುತ್ತದೆ, ಶಸ್ತ್ರಕ್ಕೆ ಬರುವುದಿಲ್ಲ. ಗೊಂದಲ ಇಲ್ಲಿ ಮಾತ್ರ ಹುಟ್ಟುವುದು ಅದಕ್ಕೇ. ಮೇಲಾಗಿ ‘ಕೈ’ಗೆ ಮದ್ದಿನ ಮಾತು ಅಂಟಿದರೆ ಹಳ್ಳಿಗರ ತಲೆಗೆ ಮೊದಲು ಬರುವುದು ಕೈಮದ್ದು, ಅಂದರೆ ಗುಟ್ಟಾಗಿ ಊಟದಲ್ಲಿ ಬೆರೆಸಿ ಹಾಕುವ ಮದ್ದು.

ಮರು 5:
ಫಿಸಿಯೋ ಕೆಲಸದ ಕಡೆಯಿಂದ ಹೇಳುತ್ತಿದ್ದೇನೆ. ನೀವೆಲ್ಲ ಒಂದೇ ಪದಕ್ಕೆ ಜಗಳವಾಡುತ್ತಿದ್ದೀರಿ, ಅಲ್ಲಿರುವುದು ನಾಲ್ಕು ಬೇರೆ ಕೆಲಸ.

ಮೊಬಿಲೈಸೇಷನ್ ಎಂದರೆ ಉಜ್ಜುವುದಲ್ಲ. ರೋಗಿಯನ್ನು ಅಂಗಾತ ಮಲಗಿಸಿ, ತೋಳನ್ನು ಪಕ್ಕಕ್ಕೆ ಸುಮಾರು 50 ಡಿಗ್ರಿ ತೆರೆದು ಹಿಡಿದು, ತೋಳುಮೂಳೆಯ ಗುಂಡನ್ನು ಅದರ ಕುಳಿಯಲ್ಲಿ ಪಾದದ ದಿಕ್ಕಿಗೆ ಜಾರಿಸುತ್ತಾರೆ. ತೋಳು ಪಕ್ಕಕ್ಕೆ ಏಳಬೇಕಾದರೆ ಗುಂಡು ಕೆಳಗೆ ಜಾರಲೇಬೇಕು. ಬಿಗಿದ ಕೀಲುಚೀಲ ಅದಕ್ಕೆ ಬಿಡುವುದಿಲ್ಲ. ಹೀಗೆ ಸೆಕೆಂಡಿಗೆ ಎರಡು-ಮೂರು ಸಲ, ಅರ್ಧ ನಿಮಿಷದಿಂದ ಎರಡು ನಿಮಿಷ ಅಲುಗಿಸಿ, ನಿಲ್ಲಿಸಿ, ತೋಳೆತ್ತಿಸಿ ಮತ್ತೆ ಅಳೆಯಬೇಕು. ಪದ ಬೇಕಿದ್ದರೆ ‘ಕೀಲು ಅಲುಗಿಸುವುದು’, ದಿಕ್ಕು ಹೇಳುವಾಗ ‘ಜಾರಿಸುವುದು’.

ಆಸ್ಟ್ರೇಲಿಯಾದ ಮೇಟ್ಲೆಂಡ್ ಇದಕ್ಕೆ ನಾಲ್ಕು ಗ್ರೇಡು ಮಾಡಿದರು. ಚಲನೆಯ ಶುರುವಿನಲ್ಲೇ ಸಣ್ಣ ಅಲುಗಾಟ 1. ತಡೆಯನ್ನು, ಅಂದರೆ ಕೀಲು ಬಿಗಿಯತೊಡಗುವ ಜಾಗವನ್ನು, ಮುಟ್ಟದ ದೊಡ್ಡದು 2. ತಡೆಯವರೆಗೂ ಹೋಗುವ ದೊಡ್ಡದು 3. ತಡೆಯ ತುದಿಯಲ್ಲೇ ಸಣ್ಣದು 4. ಮೊದಲೆರಡು ನೋವಿಗೆ, ಉಳಿದೆರಡು ಬಿಗಿತಕ್ಕೆ. ಇದನ್ನು ‘ಹಂತ’ ಎಂದು ಅನುವಾದಿಸಬೇಡಿ. ಒಂದಾದ ಮೇಲೊಂದು ದಾಟಬೇಕು, ನಾಲ್ಕಕ್ಕೆ ಹೋದರೆ ಬೇಗ ಗುಣ ಎಂದು ಜನ ತಿಳಿಯುತ್ತಾರೆ. ನೋವು ಇನ್ನೂ ಉರಿಯುತ್ತಿರುವಾಗ ನಾಲ್ಕನೆಯದನ್ನು ಮಾಡಿದರೆ ರಾತ್ರಿನೋವು ಹೆಚ್ಚುತ್ತದೆ, ಮಾರನೆಯ ದಿನ ಕೈ ಇನ್ನೂ ಕಡಿಮೆ ಏಳುತ್ತದೆ. ‘ದರ್ಜೆ’ ಇರಲಿ.

ಮ್ಯಾನಿಪುಲೇಷನ್ ಬೇರೆ: ತಡೆಯ ತುದಿಯಲ್ಲಿ ಒಂದೇ ಸಲ, ಸಣ್ಣ ದೂರ, ಬಲು ವೇಗ. ಅಲುಗಿಸುವಾಗ ರೋಗಿ ‘ಸಾಕು’ ಎಂದರೆ ನಿಲ್ಲಿಸಬಹುದು, ಇದನ್ನು ನಿಲ್ಲಿಸಲಾಗದು. ಎರಡಕ್ಕೂ ಒಂದೇ ಪದ ಹಾಕಿದರೆ ರೋಗಿ ಯಾವುದಕ್ಕೆ ಒಪ್ಪಿದರು ಎಂಬುದೇ ತಿಳಿಯದು.

ಟ್ರಾಕ್ಷನ್‌ಗೆ ‘ಎಳೆತ’. ‘ಸೆಳೆತ’ ಬೇಡ, ಅದು ಮೀನಖಂಡ ಹಿಡಿದುಕೊಳ್ಳುವ ನೋವಿನ ಹೆಸರು.

ಮರು 6:
ಹಾಗಿದ್ದರೆ ಮ್ಯಾನಿಪುಲೇಷನ್‌ಗೆ ‘ನೆಟಿಗೆ ತೆಗೆಯುವುದು’. ಮಗುವಿಗೂ ಗೊತ್ತು.

ಮರು 7:
ಬೇಡವೇ ಬೇಡ. ನೆಟಿಗೆ ಸದ್ದಿನ ಹೆಸರು. ಕೀಲಿನ ದ್ರವದಲ್ಲಿ ಒತ್ತಡ ಇಳಿದು ಅನಿಲದ ಪೊಳ್ಳು ಏಳುವಾಗ ಬರುವ ಸದ್ದದು. ಮೂಳೆ ಜಾಗಕ್ಕೆ ಕೂತದ್ದರ ಗುರುತಲ್ಲ, ಚಿಕಿತ್ಸೆಯ ಗುರಿಯೂ ಅಲ್ಲ. ಆ ಪದ ಹಾಕಿದರೆ ಕ್ಷೌರದಂಗಡಿಯಲ್ಲಿ ಕತ್ತು ತಿರುಚುವುದಕ್ಕೂ ಆಸ್ಪತ್ರೆಯ ಮುದ್ರೆ ಬಿದ್ದಂತೆ. ಕತ್ತಿನ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ.

ಮರು 3ರವರಿಂದ:
ಮಸಾಜಿಗಾದರೂ ಕನ್ನಡ ಬಳಸಿ. ಮೃದುವಾಗಿ ಸವರು ಎಂಬರ್ಥದ ‘ನೀವು’ ಧಾತು ಇದೆ, ತಮಿಳಿನಲ್ಲೂ ಇದೆ. ಮಾಲೀಸು ಪಾರಸಿ, ಮಸಾಜು ಫ್ರೆಂಚ್. ಎಷ್ಟು ದಿನ ಸಾಲ?

ಮರು 4ರವರಿಂದ:
‘ನೀವು ನೀವಬೇಡಿ’ ಎಂದು ಕರಪತ್ರದಲ್ಲಿ ಅಚ್ಚಾದರೆ ಯಾರು ಓದಬೇಕು? ಜನ ‘ಫಿಸಿಯೋಗೆ ಹೋಗಿ ಕರೆಂಟ್ ಕೊಡಿಸ್ಕೊಂಡು ಬಂದೆ’ ಎನ್ನುತ್ತಾರೆ. ಆ ವಾಕ್ಯ ಪೂರ್ತಿ ಕನ್ನಡ. ಆಸ್ಪತ್ರೆ ಎಂಬುದೇ ಹೊರಗಿನದು, ಅದನ್ನು ಯಾರೂ ವಾಪಸು ಕಳಿಸಿಲ್ಲ.

ಮರು 5ರವರಿಂದ:
ಇಬ್ಬರೂ ಅರ್ಧ ಸರಿ. ಬೋರ್ಡಿನ ನಾಮಪದಕ್ಕೆ ಸಾಲ ಪಡೆದರೆ ನಷ್ಟವಿಲ್ಲ. ಕ್ರಿಯಾಪದ ಮಾತ್ರ ಕನ್ನಡದ್ದೇ ಇರಬೇಕು, ಏಕೆಂದರೆ ಮನೆಗೆ ಹೋಗಿ ಎಷ್ಟು ಬಲ ಹಾಕಬೇಕು ಎಂದು ರೋಗಿಗೆ ಹೇಳುವುದು ಅದೇ. ಮೇಲ್ಮೈಯಲ್ಲಿ ಹಗುರಾಗಿ ಹೋದರೆ ‘ಸವರು’, ಮಾಂಸಖಂಡವನ್ನು ಹಿಡಿದೆತ್ತಿ ಹಿಸುಕಿದರೆ ‘ನಾದು’. ಫ್ರೆಂಚರ ‘ಪೆಟ್ರಿಸಾಜ್’ ಕೂಡ ಹಿಟ್ಟು ನಾದುವ ಕ್ರಿಯಾಪದದಿಂದಲೇ ಬಂದದ್ದು. ಒಂದೇ ಗಂಟಿನ ಮೇಲೆ ಹೆಬ್ಬೆರಳು ಇಟ್ಟರೆ ‘ಅದುಮು’.

ಇನ್ನೊಂದು: ಕರಪತ್ರ ಹೆಗಲಿನದು ಎಂದಿರಿ. ಅಲ್ಲಿ ಮ್ಯಾನಿಪುಲೇಷನ್ ಇರುವ ವಾಕ್ಯವನ್ನು ಪೂರ್ತಿ ಓದಿ. ಅರಿವಳಿಕೆಯ ಮಾತು ಇದೆಯೇ?

ಕೇಳಿದವರಿಂದ:
ಇದೆ. ಅದೇ ವಾಕ್ಯದ ಕೊನೆಯಲ್ಲಿದೆ. ಹಾಗಾದರೆ ಅದು ಮೂಳೆ ವೈದ್ಯರು ಮಾಡುವುದು, ಈ ಕೋಣೆಯ ಕೆಲಸವೇ ಅಲ್ಲ. ‘ಅರಿವಳಿಕೆ ಕೊಟ್ಟು ಬಿಗಿದ ಹೆಗಲನ್ನು ಬಿಡಿಸುವುದು’ ಎಂದು ಬರೆಯುತ್ತೇನೆ. ತೋಳುಮೂಳೆ ಮುರಿಯುವ ಅಪಾಯವಿದೆ ಎಂಬ ಮುಂದಿನ ಸಾಲೂ ಈಗ ಅರ್ಥವಾಯಿತು. ಕರಪತ್ರದಲ್ಲಿ ಅಲುಗಿಸು, ಜಾರಿಸು, ಎಳೆತ, ಸವರು, ನಾದು, ಅದುಮು. ಬೋರ್ಡಿಗೆ ದೊಡ್ಡಕ್ಷರದಲ್ಲಿ ‘ಕೀಲು–ಸ್ನಾಯು ಚಿಕಿತ್ಸೆ’, ಕೆಳಗೆ ಸಣ್ಣದಾಗಿ ‘ಕೈಯಿಂದ ಮಾಡುವುದು’. ಸಮಾಸ ಬಿಡಿಸಿದ್ದೇನೆ.

ಮರು 2ರವರಿಂದ:
ಸಮಾಸ ಬಿಡಿಸಿ ಬರೆದ ವಿಗ್ರಹವಾಕ್ಯಕ್ಕೆ ಅರಿದೋಷವಿಲ್ಲ. ಅಚ್ಚಿಗೆ ಕಳಿಸಿ.